ಸಂತೆಗೆ ಜಾಗ ಕೊಟ್ಟ ಊರು

ಅರಮನೆಗೆ ಹೋದರೆ ಟಿಕೆಟ್ ಕೇಳುತ್ತಾರೆ. ದೇವಸ್ಥಾನಕ್ಕೆ ಹೋದರೆ ಚಪ್ಪಲಿ ಬಿಡಿಸುತ್ತಾರೆ, ಭುಜ ಮೊಣಕಾಲು ಮುಚ್ಚಿವೆಯೇ ಎಂದು ನೋಡುತ್ತಾರೆ. ಸಂತೆಗೆ ಹೋದರೆ ಯಾರೂ ಏನೂ ಕೇಳುವುದಿಲ್ಲ. ಅಲ್ಲಿ ಕೇಳುವವರು ನಾವೇ. ಇದೇನು, ಇದಕ್ಕೆಷ್ಟು, ಇದನ್ನು ತಿನ್ನುವುದು ಹೇಗೆ? ಭಾಷೆ ಬಾರದಿದ್ದರೂ ಈ ಮೂರು ಪ್ರಶ್ನೆಗಳನ್ನು ಕೇಳಲು ಬೆರಳು, ಹುಬ್ಬು, ಒಂದು ನಗು ಸಾಕು. ಹೊರದೇಶದ ಅರಮನೆಯಲ್ಲಿ ನಾನು ದೂರ ನಿಂತು ನೋಡುವ ಮನುಷ್ಯ. ಸಂತೆಯಲ್ಲಿ ಗಿರಾಕಿ. ಗಿರಾಕಿ ಎಂದ ಕೂಡಲೇ ಆ ಊರಿನಲ್ಲಿ ನನಗೊಂದು ಸ್ಥಾನ ಸಿಕ್ಕಿತು, ನನ್ನಿಂದ ಯಾರಿಗೋ ಕೆಲಸವೂ ಬಿತ್ತು. ಅದಕ್ಕೇ ಯಾವ ದೇಶಕ್ಕೆ ಹೋದರೂ ಮೊದಲು ಸಂತೆಯ ದಾರಿ ಕೇಳುವುದು ನನ್ನ ಅಭ್ಯಾಸ.

ಥಾಯ್ಲೆಂಡಿಗೆ ಹೊರಟಾಗಲೂ ಹಾಗೇ ಆಯಿತು. ಮಗಳಿಗೆ ರಜೆ ಇತ್ತು, ಅಮ್ಮನೂ ಜೊತೆಗೆ ಹೊರಟಿದ್ದಳು. ನಾವು ಮಾಡಿದ ಪಟ್ಟಿಯಲ್ಲಿ ಕಡಲತೀರಗಳು ಒಂದೊಂದಾಗಿ ಹಿಂದೆ ಸರಿದು ಸಂತೆಗಳು ಮುಂದೆ ಬಂದವು: ಬ್ಯಾಂಕಾಕಿನ ಚತುಚಾಕ್ ವಾರಾಂತ್ಯದ ಮಾರುಕಟ್ಟೆ, ಮೇಕ್ಲಾಂಗಿನ ರೈಲು ಹಳಿಯ ಮಾರುಕಟ್ಟೆ, ಪಾಕ್ ಖ್ಲಾಂಗ್ ತಲಾತ್ ಎಂಬ ಹೂವಿನ ಮಾರುಕಟ್ಟೆ.

ಚತುಚಾಕ್ ಎಷ್ಟು ದೊಡ್ಡದು ಎಂಬುದು ಅಂಕಿಗಳಿಂದ ಅರ್ಧ ಮಾತ್ರ ತಿಳಿಯುತ್ತದೆ. 27 ವಿಭಾಗಗಳು, 15,000ಕ್ಕೂ ಹೆಚ್ಚು ಮಳಿಗೆಗಳು, ವಾರಾಂತ್ಯದಲ್ಲಿ ಬಂದು ಹೋಗುವ ಎರಡು ಲಕ್ಷದಷ್ಟು ಜನ. ಉಳಿದರ್ಧ ಕಾಲಿಗೆ ತಿಳಿಯುತ್ತದೆ. ಕಂಫೇಂಗ್ ಪೆಟ್ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಹೊರಬಂದರೆ ಅಲ್ಲೇ ಸಂತೆ ಶುರು. ನಡುವೆ ದಾಟಬೇಕಾದ ರಸ್ತೆಯೂ ಇಲ್ಲ. ಇಡೀ ಸಂತೆಯನ್ನು ಸುತ್ತುವ ಒಂದು ಅಗಲವಾದ ಹಾದಿ, ಅದರಿಂದ ಒಳಕ್ಕೆ ಕವಲೊಡೆಯುವ ಕಿರಿದಾದ ಗಲ್ಲಿಗಳು, ಪ್ರತಿ ಗಲ್ಲಿಗೂ ಸಂಖ್ಯೆ. ಮೇಲೆ ತಗಡು, ತಾಡಪಾಲು. ಇಬ್ಬರು ಎದುರುಬದುರಾದರೆ ಒಬ್ಬರು ಭುಜ ಓರೆ ಮಾಡಬೇಕು. ನಡುವೆ 1987ರಲ್ಲಿ ರಾಜ ಭೂಮಿಬೋಲ್ ಅವರ ಅರವತ್ತನೆಯ ಹುಟ್ಟುಹಬ್ಬದ ನೆನಪಿಗೆ ಕಟ್ಟಿದ ಗಡಿಯಾರ ಗೋಪುರವಿದೆ. ಗುಂಪಿನಲ್ಲಿ ಬೇರೆಯಾದರೆ ಎಲ್ಲರೂ ಅದರ ಬುಡಕ್ಕೆ ಬರಬೇಕೆಂದು ಮಾತಾಡಿಕೊಂಡು ಒಳಗೆ ಹೊಕ್ಕೆವು.

ಗೊಂದಲ ಎನ್ನಿಸುವುದು ಮೊದಲ ಅರ್ಧ ಗಂಟೆ ಮಾತ್ರ. ಆಮೇಲೆ ಅಲ್ಲಿನ ಕ್ರಮ ಕಣ್ಣಿಗೆ ಹತ್ತತೊಡಗುತ್ತದೆ. 5 ಮತ್ತು 6ನೆಯ ವಿಭಾಗಗಳಲ್ಲಿ ಹಳೆಯ ಉಡುಪು: ತೊಟ್ಟು ಹದವಾದ ಜೀನ್ಸ್, ಚರ್ಮದ ಬೂಟು. 7ರಲ್ಲಿ ಚಿತ್ರಕಾರರು ಕ್ಯಾನ್ವಾಸಿನ ಮುಂದೆ ಕೂತು ಬರೆಯುತ್ತಲೇ ಮಾರುತ್ತಾರೆ. 26ರಲ್ಲಿ ಹಳೆಯ ಕಾಲದ ವಸ್ತುಗಳು. 3 ಮತ್ತು 4ರಲ್ಲಿ ಗಿಡ, ಕುಂಡ, ತೋಟದ ಸಾಮಾನು. ಗಿಡದ ವ್ಯಾಪಾರಕ್ಕೆಂದೇ ಬುಧವಾರ, ಗುರುವಾರ ಬೇರೆ ಇವೆ. ಲಂಪಾಂಗ್ ಪ್ರಾಂತದಿಂದ ಬಂದ ಹುಂಜದ ಚಿತ್ರದ ಬಟ್ಟಲುಗಳನ್ನು ಹುಲ್ಲಿನ ನಡುವೆ ಜೋಡಿಸಿದ್ದರು. ಉತ್ತರದ ಫ್ರೇ ಪ್ರಾಂತದ, ನೀಲಿಯಲ್ಲಿ ಅದ್ದಿ ತೆಗೆದ ಹತ್ತಿಯ ಅಂಗಿಗಳನ್ನು ತೂಗುಹಾಕಿದ್ದರು. ಒಂದು ದೇಶದ ಮೂಲೆಮೂಲೆಯಲ್ಲಿ ಕೈ ಏನು ಮಾಡುತ್ತದೆ ಎಂಬುದನ್ನು ವಸ್ತುಸಂಗ್ರಹಾಲಯವೂ ತೋರಿಸುತ್ತದೆ. ಇಲ್ಲಿ ಅದನ್ನು ಎತ್ತಿ, ತಟ್ಟಿ, ಬೆಳಕಿಗೆ ಹಿಡಿದು, ಮೆಚ್ಚಿದರೆ ಮನೆಗೇ ಒಯ್ಯಬಹುದು.

ಚೌಕಾಸಿಯ ಬಗ್ಗೆ ಪ್ರವಾಸಿಗರು ಯುದ್ಧದ ಮಾತಾಡುತ್ತಾರೆ. ನನಗೆ ಅಲ್ಲಿ ಕಂಡದ್ದು ಬಲು ಮರ್ಯಾದೆಯ ವ್ಯವಹಾರ. ಅಂಗಡಿಯಾಕೆ ಕ್ಯಾಲ್ಕುಲೇಟರಿನಲ್ಲಿ ಒಂದು ಸಂಖ್ಯೆ ಒತ್ತಿ ನನ್ನತ್ತ ತಿರುಗಿಸುತ್ತಾಳೆ. ನಾನು ಇನ್ನೊಂದು ಸಂಖ್ಯೆ ಒತ್ತಿ ಅವಳತ್ತ ತಿರುಗಿಸುತ್ತೇನೆ. ಅವಳು ನಗುತ್ತ ತಲೆಯಾಡಿಸಿ ಮೂರು ಬೆರಳು ತೋರಿಸುತ್ತಾಳೆ: ಮೂರು ತೆಗೆದುಕೊಂಡರೆ ಸಗಟು ಬೆಲೆ. ದನಿ ಎತ್ತುವಂತಿಲ್ಲ, ಮುಖ ಸಿಂಡರಿಸುವಂತಿಲ್ಲ. ಕೋಪ ಮಾಡಿಕೊಂಡವರಿಗೆ ವ್ಯಾಪಾರ ಅಲ್ಲಿಗೇ ಮುಗಿಯುತ್ತದೆ. ಸಾವಿರಾರು ಅಪರಿಚಿತರು ದಿನವಿಡೀ ಹಣ ಬದಲಾಯಿಸಿಕೊಳ್ಳುವ ಜಾಗ ಇಷ್ಟು ಮೆದುದನಿಯಲ್ಲಿ ನಡೆಯುತ್ತದಲ್ಲ ಎಂಬ ಅಚ್ಚರಿ ನನಗೆ ಕೊನೆಯವರೆಗೂ ಹೋಗಲಿಲ್ಲ.

ಬೆಳಿಗ್ಗೆ ಇನ್ನೂ ಬಾಗಿಲು ತೆರೆಯುತ್ತಿದ್ದ ಒಂದು ಅಂಗಡಿಯಲ್ಲಿ ಅಮ್ಮ ಬಟ್ಟೆಯ ಚೀಲವೊಂದನ್ನು ಕೊಂಡಳು. ಅಂಗಡಿಯಾಕೆ ಅಮ್ಮ ಕೊಟ್ಟ ನೋಟನ್ನು ಪೆಟ್ಟಿಗೆಗೆ ಹಾಕುವ ಮೊದಲು ಸಾಲಾಗಿ ತೂಗುಹಾಕಿದ್ದ ಚೀಲಗಳಿಗೆಲ್ಲ ಮೆಲ್ಲಗೆ ತಟ್ಟಿಸಿಕೊಂಡು ಬಂದಳು. ಅಮ್ಮ ತಟ್ಟನೆ, "ಬೋಣಿ ಕಣೇ ಇದು!" ಎಂದಳು. ಯಾರೂ ವಿವರಿಸಬೇಕಾಗಲಿಲ್ಲ. ನಮ್ಮಲ್ಲಿ ಮೊದಲ ಗಿರಾಕಿಯ ಹಣವನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಅಲ್ಲಿ ಸರಕಿಗೆ ಮುಟ್ಟಿಸುತ್ತಾರೆ, ಉಳಿದದ್ದೂ ಹೀಗೇ ಹೋಗಲಿ ಎಂದು. ಅಂಗಡಿಯ ಮೂಲೆಯ ಪೀಠದಲ್ಲಿ ಮಂಡಿಯೂರಿ ಕೂತು ಒಂದು ಕೈ ಎತ್ತಿ ಕರೆಯುವ ಹೆಣ್ಣಿನ ಪುಟ್ಟ ಮೂರ್ತಿ ಇತ್ತು. ಅವಳು ನಾಂಗ್ ಕ್ವಾಕ್, ಗಿರಾಕಿಗಳನ್ನು ಕರೆತರುವ ತಾಯಿ. ಮುಂದೆ ಒಂದು ಹೂಮಾಲೆ, ಒಂದು ಲೋಟ ಕೆಂಪು ಪಾನಕ. ಆಮೇಲೆ ನಾವು ಹೊಕ್ಕ ಅಂಗಡಿಗಳಲ್ಲೆಲ್ಲ ಅಮ್ಮ ಮೊದಲು ಆ ಮೂರ್ತಿಯನ್ನು ಹುಡುಕಿ ಕೈ ಮುಗಿದು, ಆಮೇಲೆ ಬೆಲೆ ಕೇಳುತ್ತಿದ್ದಳು. ಅಂಗಡಿಯವರ ಮುಖದಲ್ಲಿ ಅದಕ್ಕೆ ಸಿಕ್ಕ ಉತ್ತರ ಯಾವ ರಿಯಾಯಿತಿಗಿಂತಲೂ ದೊಡ್ಡದು.

ಹೊಟ್ಟೆಯ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಅಲ್ಲಿ ಒಂದು ಗುರುತು ತಿಳಿದಿದ್ದರೆ ಸಾಕು: ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ. ಅದು "ಜೇ" ಊಟದ ಗುರುತು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಬ್ಬದ ದಿನ ನೀರುಳ್ಳಿ ಮುಟ್ಟದ ಅಮ್ಮನಿಗೆ ಸಾವಿರಕ್ಕೂ ಹೆಚ್ಚು ಮೈಲಿ ದೂರದಲ್ಲಿ ಅದೇ ನೇಮ ಪಾಲಿಸುವ ಅಡುಗೆ ಸಿಕ್ಕಿದ್ದು ಪ್ರವಾಸದ ದೊಡ್ಡ ಸುಖಗಳಲ್ಲಿ ಒಂದು. ಮಗಳಿಗೆ ತೆಂಗಿನ ಚಿಪ್ಪಿನಲ್ಲೇ ಹಾಕಿಕೊಡುವ ತೆಂಗಿನ ಹಾಲಿನ ಐಸ್‌ಕ್ರೀಮ್. ಮೇಲೆ ಹುರಿದ ಕಡಲೆಕಾಯಿ ಬೀಜ. ಮಾವಿನಹಣ್ಣಿನ ಜೊತೆ ಬಡಿಸುವ ಸಿಹಿಯಾದ ಅಂಟು ಅಕ್ಕಿಯ ಅನ್ನವನ್ನು ಮೂವರೂ ಒಂದೇ ತಟ್ಟೆಯಲ್ಲಿ ತಿಂದೆವು.

ಸಂಜೆ ಆರಕ್ಕೆ ಒಂದು ಸಂಗತಿ ನಡೆಯಿತು. ಧ್ವನಿವರ್ಧಕದಲ್ಲಿ ಒಂದು ರಾಗ ಎದ್ದಿತು. ಇಡೀ ಸಂತೆ ಇದ್ದಲ್ಲೇ ನಿಂತಿತು. ಚಿಲ್ಲರೆ ಎಣಿಸುತ್ತಿದ್ದ ಕೈ, ಗಾಡಿ ತಳ್ಳುತ್ತಿದ್ದ ಕೈ, ಬಾಯಿಗೆ ಹೊರಟಿದ್ದ ತುತ್ತು, ಎಲ್ಲವೂ. ಥಾಯ್ಲೆಂಡಿನಲ್ಲಿ ಪ್ರತಿದಿನ ಬೆಳಿಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ಸಾರ್ವಜನಿಕ ಜಾಗಗಳಲ್ಲಿ ರಾಷ್ಟ್ರಗೀತೆ ನುಡಿಸುತ್ತಾರೆ. ನಾವೂ ನಿಂತೆವು. ಗೀತೆ ಮುಗಿದ ಕ್ಷಣವೇ ಗದ್ದಲ ತನ್ನ ಹಳೆಯ ಮಟ್ಟಕ್ಕೆ ಬಂತು. ಸಂತೆ ಗೊಂದಲದ ಜಾಗ ಎನ್ನುವವರಿಗೆ ಆ ಒಂದು ನಿಮಿಷವನ್ನು ತೋರಿಸಬೇಕು. ಗುರುತಿಲ್ಲದವರು ಒಂದೇ ನೆಲದಲ್ಲಿ, ಒಪ್ಪಿಕೊಂಡ ರೀತಿಯಲ್ಲಿ ಬಾಳುವುದನ್ನು ದಿನವೂ ಅಭ್ಯಾಸ ಮಾಡುವ ಜಾಗ ಅದು.

ಆ ನೆಲ ಎಲ್ಲಿಂದ ಬಂತು? ಈ ಸಂತೆಯ ಕಥೆಯಲ್ಲಿ ನನ್ನನ್ನು ತುಂಬ ತಟ್ಟಿದ ಭಾಗ ಇದೇ. 1940ರ ದಶಕದಲ್ಲಿ ಪ್ರಧಾನಿ ಫಿಬೂನ್ ಸೋಂಗ್‌ಖ್ರಾಮ್ ಪ್ರತಿ ಪ್ರಾಂತದಲ್ಲೂ ಒಂದು ಸಂತೆ ಇರಬೇಕೆಂದರು. ರಾಜಧಾನಿಯ ಸಂತೆ ಕೂತದ್ದು ಸನಾಮ್ ಲುವಾಂಗಿನಲ್ಲಿ, ಅಂದರೆ ಮಹಾ ಅರಮನೆಯ ಮುಂದಿನ, ರಾಜರ ಅಂತ್ಯಸಂಸ್ಕಾರ ನಡೆಯುವ ಮೈದಾನದಲ್ಲಿ. ದಶಕಗಳ ಕಾಲ ಶನಿವಾರ ಭಾನುವಾರ ಅರಮನೆಯ ಎದುರೇ ಸೊಪ್ಪು, ಬಟ್ಟೆ, ಹಳೆಯ ಪುಸ್ತಕ ಮಾರಾಟವಾದವು. ಬ್ಯಾಂಕಾಕ್ ನಗರಕ್ಕೆ 1982ರಲ್ಲಿ ಇನ್ನೂರು ವರ್ಷ ತುಂಬುವ ಹೊತ್ತಿಗೆ ಆ ಮೈದಾನವನ್ನು ತೆರವು ಮಾಡಬೇಕಾಯಿತು. ಅಂಥ ಗಳಿಗೆಯಲ್ಲಿ ಊರುಗಳು ಸಾಮಾನ್ಯವಾಗಿ ಲಾರಿ ಕಳಿಸುತ್ತವೆ, ತಕ್ಕಡಿಗಳನ್ನು ಎತ್ತಿಕೊಂಡು ಹೋಗುತ್ತವೆ. ಬ್ಯಾಂಕಾಕ್ ಇನ್ನೊಂದು ಜಾಗ ಹುಡುಕಿತು. ಉತ್ತರದಲ್ಲಿ ಸರ್ಕಾರಿ ರೈಲ್ವೆಯ ಜಮೀನು ಸಿಕ್ಕಿತು. 1983ರ ಹೊತ್ತಿಗೆ ಸಂತೆ ಅಲ್ಲಿ ನೆಲೆಯಾಯಿತು. ಆಗ ಅದು ಊರ ಹೊರಗು. ಜನ ಅಲ್ಲಿಗೆ ಹೋದರು, ಆಮೇಲೆ ಮೇಲ್ಸೇತುವೆ ರೈಲು ಬಂತು, ಸುರಂಗದ ಮೆಟ್ರೊ ಬಂತು. ಇಂದು ಊರೇ ಸಂತೆಯ ಸುತ್ತ ಬೆಳೆದು ನಿಂತಿದೆ.

ಜಾಗ ಕೊಟ್ಟರಷ್ಟೇ ಸಾಲದು, ಅದನ್ನು ಕಾಯಲೂ ಬೇಕು. 2024ರ ಜೂನ್‌ನಲ್ಲಿ ಚತುಚಾಕಿನ ಸಾಕುಪ್ರಾಣಿಗಳ ಅಂಗಡಿಗಳಿಗೆ ನಸುಕಿನಲ್ಲಿ ಬೆಂಕಿ ಬಿದ್ದು, ಪಂಜರಗಳಲ್ಲಿದ್ದ ಬಹಳಷ್ಟು ಪ್ರಾಣಿಪಕ್ಷಿಗಳು ಸತ್ತವು. ಓಡಲಾರದ ಜೀವಗಳನ್ನು ಕಿಕ್ಕಿರಿದ ಗಲ್ಲಿಯಲ್ಲಿ ಬೀಗದ ಹಿಂದೆ ಇಡುವ ವ್ಯಾಪಾರ ನನಗೆ ಸಹಿಸಲಾಗದ್ದು. ಮಗಳು ಆ ಕಡೆಗೆ ಹೋಗೋಣ ಎಂದಾಗ ಈ ಸಂಗತಿ ಹೇಳಿದೆ. ಅವಳು ಕೈ ಹಿಡಿದು ಬೇರೆ ಗಲ್ಲಿಗೆ ತಿರುಗಿಸಿದಳು. ಸಂತೆಯನ್ನು ಪ್ರೀತಿಸುವವರೇ ಇದನ್ನು ಮೊದಲು ಹೇಳಬೇಕು.

ಮೇಕ್ಲಾಂಗಿಗೆ ಬ್ಯಾಂಕಾಕಿನಿಂದ ವ್ಯಾನಿನಲ್ಲಿ ಬೇಗ ಹೋಗಬಹುದು. ನಾವು ಹಿಡಿದದ್ದು ನಿಧಾನದ ದಾರಿ: ವೊಂಗ್‌ವಿಯನ್ ಯಾಯ್ ನಿಲ್ದಾಣದಿಂದ ಮಹಾಚೈವರೆಗೆ ಒಂದು ಪುಟ್ಟ ರೈಲು, ಅಲ್ಲಿ ಇಳಿದು ತಾಚಿನ್ ನದಿಗೆ ದೋಣಿ, ಆಚೆ ದಡದ ಬಾನ್ ಲೇಮಿನಿಂದ ಮತ್ತೊಂದು ರೈಲು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮೀನು, ಉಪ್ಪು, ತರಕಾರಿಯನ್ನು ಕಡಲ ಕಡೆಯಿಂದ ರಾಜಧಾನಿಗೆ ಸಾಗಿಸಲು ಹಾಕಿದ ಮೀಟರ್‌ಗೇಜ್ ಹಳಿ ಅದು. ಎರಡೂ ತುಂಡು ಸೇರಿ 67 ಕಿಲೋಮೀಟರ್, ನಡುವೆ ನದಿಗೆ ರೈಲು ಸೇತುವೆಯೇ ಇಲ್ಲ. ಕಿಟಕಿಯ ಹೊರಗೆ ಉಪ್ಪಿನ ಗದ್ದೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಮರದ ಸೀಟಿನಲ್ಲಿ ನಮ್ಮೆದುರು ಕೂತಿದ್ದವಳ ಕಾಲ ಬಳಿ ಖಾಲಿ ಬುಟ್ಟಿಗಳಿದ್ದವು. ಅವಳು ಹೊರಟಿದ್ದೂ ನಮ್ಮ ಸಂತೆಗೇ.

ರೈಲಿನಲ್ಲೇ ಸಂತೆಯನ್ನು ಹೊಕ್ಕದ್ದರಿಂದ ಅದನ್ನು ಮೊದಲು ಒಳಗಿನಿಂದ ಕಂಡೆವು. ಕಿಟಕಿಯಿಂದ ಒಂದು ಗೇಣು ಆಚೆ ಮಡಿಚಿ ಹಿಡಿದ ಕೊಡೆ, ತಾಡಪಾಲು, ಹಿಂದಕ್ಕೆ ಸರಿಸಿದ ಗಾಡಿ, ಗೋಡೆಗೆ ಬೆನ್ನು ಹಚ್ಚಿ ನಿಂತ ಜನ. ರೈಲು ನಡಿಗೆಯ ವೇಗಕ್ಕೆ ಇಳಿದಿತ್ತು. ಇಳಿದು, ಹಳಿಯ ಮೇಲೆ ವಾಪಸು ನಡೆದು ಬಂದಾಗ ಮಡಿಚಿದ್ದೆಲ್ಲ ಬಿಚ್ಚಿಕೊಂಡು, ಈಗಷ್ಟೇ ರೈಲು ಹೋದ ಜಾಗ ಪೂರ್ತಿ ಮಾರುಕಟ್ಟೆಯಾಗಿತ್ತು. ಈ ಮಡಿಚುವಿಕೆ ದಿನಕ್ಕೆ ಎಂಟು ಸಲ, ಬರುವ ರೈಲು ನಾಲ್ಕು, ಹೋಗುವ ರೈಲು ನಾಲ್ಕು.

ಮುಂದಿನ ರೈಲಿಗೆ ನಾವು ಒಂದು ತರಕಾರಿ ಅಂಗಡಿಯ ಒಳಗೆ ನಿಂತು ಕಾದೆವು. ಅಂಗಡಿಯವಳು ನಾವು ನಿಲ್ಲಬೇಕಾದ ಕಲ್ಲು ತೋರಿಸಿದಳು. ಸಿಳ್ಳೆ ಕೇಳಿದ ಮೇಲೂ ಅವಳು ಒಬ್ಬ ಗಿರಾಕಿಗೆ ಮೆಣಸಿನಕಾಯಿ ಕಟ್ಟಿಕೊಟ್ಟಳು. ಆಮೇಲೆ ಕೋಲೊಂದನ್ನು ಎಳೆದು ತಾಡಪಾಲು ಮಡಿಚಿದಳು, ಚಕ್ರದ ಮೇಲಿದ್ದ ತಟ್ಟೆಗಳನ್ನು ಒಳಕ್ಕೆ ಸರಿಸಿದಳು. ಹಳಿಯ ಪಕ್ಕದಲ್ಲಿ ನೆಲಕ್ಕೆ ಅಂಟಿದಂತೆ ಜೋಡಿಸಿದ್ದ ಸೊಪ್ಪು, ನಿಂಬೆ, ಅರಿಸಿನದ ತಗ್ಗು ಬುಟ್ಟಿಗಳನ್ನು ಮುಟ್ಟಲೇ ಇಲ್ಲ. ರೈಲಿನ ಹೊಟ್ಟೆ ಅವುಗಳ ಮೇಲೆ ಸಾಗಿ ಹೋಯಿತು. ಒಂದು ಎಲೆ ಅಲುಗಿರಬಹುದು. ಯಾವ ಬುಟ್ಟಿ ಎಷ್ಟು ಎತ್ತರ ಇರಬಹುದು, ಯಾವುದು ಎಲ್ಲಿಯವರೆಗೆ ಚಾಚಬಹುದು ಎಂಬ ಲೆಕ್ಕ ಅವಳ ಮೈಗೆ ಗೊತ್ತಿತ್ತು. ಚಾಲಕನಿಗೂ ಅವಳ ಲೆಕ್ಕದಲ್ಲಿ ಪೂರ್ತಿ ನಂಬಿಕೆ ಇತ್ತು. ರೈಲಿನ ದಾರಿ ರೈಲಿನದೇ. ರೈಲಿಲ್ಲದ ಹೊತ್ತಿನಲ್ಲಿ ಅದು ಸಂತೆಯದು. ಇಬ್ಬರೂ ಇದನ್ನು ಒಪ್ಪಿರುವುದರಿಂದ ಒಂದೇ ನೆಲಕ್ಕೆ ಎರಡು ಬಾಳು ಸಿಕ್ಕಿದೆ.

ಈಗ ಅಲ್ಲಿ ಫೋನು ಹಿಡಿದ ಪ್ರವಾಸಿಗರೇ ಸಾಲುಗಟ್ಟಿ ನಿಲ್ಲುತ್ತಾರೆ, ನಿಲ್ದಾಣದ ಹತ್ತಿರದ ಅಂಗಡಿಗಳಲ್ಲಿ ಅವರಿಗೆ ಬೇಕಾದ ಬನಿಯನ್ನು, ಕೀಲಿಗೊಂಚಲು ತುಂಬಿವೆ. ಆದರೆ ಸ್ವಲ್ಪ ದೂರ ನಡೆದರೆ ಊರಿನವರು ಮೀನು ಕೊಳ್ಳುತ್ತಾರೆ. ಮೇಕ್ಲಾಂಗಿನ ಹೆಮ್ಮೆ ಪ್ಲಾ ಥೂ, ನಮ್ಮ ಕರಾವಳಿಯ ಬಂಗುಡೆಯ ಹತ್ತಿರದ ಸಂಬಂಧಿ. ಹಬೆಯಲ್ಲಿ ಬೇಯಿಸಿ ಪುಟ್ಟ ಬಿದಿರ ತಟ್ಟೆಗಳಲ್ಲಿ ಕೂರಿಸಿ ಮಾರುತ್ತಾರೆ. ತಟ್ಟೆಗೆ ಹಿಡಿಸಲೆಂದು ಕತ್ತನ್ನು ಬಗ್ಗಿಸಿರುತ್ತಾರೆ. ಕತ್ತು ಬಗ್ಗಿದ್ದೇ ಊರಿನ ಮೀನಿನ ಗುರುತಾಗಿ ಹೋಗಿದೆ. ಅದನ್ನು ಎರಡೆರಡು ತಟ್ಟೆ ಕೊಂಡು ಚೀಲಕ್ಕೆ ಹಾಕಿಕೊಂಡು ಹೋಗುವ ಶಾಲೆಯ ಮೇಷ್ಟ್ರು, ಅಜ್ಜಿ, ಸೈಕಲ್ ಹುಡುಗ, ಇವರಿಂದಲೇ ಸಂತೆ ಉಳಿದಿದೆ. ಪ್ರವಾಸಿ ಒಂದು ಸಲ ಬರುತ್ತಾನೆ. ನಾಳೆಯೂ ಬರುವವರು ಇವರು.

ಮೂರನೆಯ ಸಂತೆಗೆ ಹೋದದ್ದು ರಾತ್ರಿ. ಚಾವೊ ಫ್ರಯಾ ನದಿಯ ದಡದಲ್ಲಿ, ಸ್ಮಾರಕ ಸೇತುವೆಯ ಹತ್ತಿರವಿರುವ ಪಾಕ್ ಖ್ಲಾಂಗ್ ತಲಾತ್ ಹಗಲಿರುಳೂ ತೆರೆದೇ ಇರುತ್ತದೆ, ಆದರೆ ಅದರ ನಿಜವಾದ ಹೊತ್ತು ನಡುರಾತ್ರಿಯಿಂದ ಬೆಳಗಿನ ಜಾವ. ಊರು ಮಲಗಿದ ಮೇಲೆ ನಖೋನ್ ಪಥೋಮ್ ಮುಂತಾದ ಪ್ರಾಂತಗಳಿಂದ ಲಾರಿಗಳು ಬರುತ್ತವೆ: ಚೀಲಗಟ್ಟಲೆ ಚೆಂಡು ಹೂವು, ಮಂಜುಗಡ್ಡೆಯ ನಡುವೆ ಮಲ್ಲಿಗೆ, ಆರ್ಕಿಡ್‌ನ ಕಟ್ಟುಗಳು, ತಾವರೆಯ ಮೊಗ್ಗು. ಮೊಗ್ಗಿನ ಹೊರ ಎಸಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಿಚಿ ಅದಕ್ಕೊಂದು ಹೊಸ ರೂಪ ಕೊಡುವುದನ್ನು ಮಗಳು ಕಣ್ಣು ಮಿಟುಕಿಸದೆ ನೋಡಿದಳು. ಅಮ್ಮ ನಿಂತದ್ದು ಎಕ್ಕದ ಹೂವಿನ ರಾಶಿಯ ಮುಂದೆ. ನಮ್ಮಲ್ಲಿ ಗಣಪತಿಗೆ ಏರಿಸುವ ಅದೇ ಎಕ್ಕ, ಅಲ್ಲಿ ಮದುವೆಯ ಮಾಲೆಗೂ ಬುದ್ಧನ ಮಾಲೆಗೂ ಬೇಕೇ ಬೇಕು.

ಮಾಲೆ ಕಟ್ಟುವ ಹೆಂಗಸರು ಒಂದಡಿ ಉದ್ದದ ಸೂಜಿಗೆ ಮಲ್ಲಿಗೆ ಮೊಗ್ಗುಗಳನ್ನು ಸುತ್ತುಸುತ್ತಾಗಿ ಏರಿಸಿ, ತುಂಬಿದ ಮೇಲೆ ದಾರಕ್ಕೆ ಇಳಿಸುತ್ತಿದ್ದರು. ಅಮ್ಮನ ಕೈ ಸುಮ್ಮನಿರಲಿಲ್ಲ. ಒಂದು ಹಿಡಿ ಮೊಗ್ಗು ಕೊಂಡು, ಅಲ್ಲೇ ಬಿದ್ದಿದ್ದ ಬಾಳೆನಾರು ಆರಿಸಿ, ಸೂಜಿಯೇ ಇಲ್ಲದೆ ಎರಡೆರಡು ಮೊಗ್ಗು ಬೆನ್ನಿಗೆ ಬೆನ್ನು ಇಟ್ಟು ಗಂಟು ಹಾಕತೊಡಗಿದಳು. ಸೂಜಿ ಹಿಡಿದವಳು ನೋಡಿದಳು, ಜರುಗಿ ಜಾಗ ಕೊಟ್ಟಳು, ನಾರು ಕೇಳಿ ತೆಗೆದುಕೊಂಡು ತಾನೂ ಪ್ರಯತ್ನಿಸಿದಳು. ಅಮ್ಮ ಅವಳ ಸೂಜಿ ಹಿಡಿದಳು. ಇಬ್ಬರಿಗೂ ಹೊಸದು, ಇಬ್ಬರಿಗೂ ಹಳೆಯದು. ಲಾರಿ ಬಂದಾಗ ಅವಳು ಕೆಲಸಕ್ಕೆ ಎದ್ದಳು. ಅಮ್ಮ ಮೊಳ ಉದ್ದ ಕಟ್ಟಿದ್ದ ಮಲ್ಲಿಗೆಯನ್ನು ಅವಳ ಮುಡಿಗೇ ಇಟ್ಟು ಬಂದಳು.

ಅಲ್ಲೂ ಜಾಗದ ಕಥೆಯೇ. ಮೊದಲು ಈ ವ್ಯಾಪಾರದ ಬಹುಭಾಗ ಕಾಲುದಾರಿಯ ಮೇಲೆ ನಡೆಯುತ್ತಿತ್ತು. 2016ರಲ್ಲಿ ಪಾಲಿಕೆ ಕಾಲುದಾರಿಗಳನ್ನು ತೆರವು ಮಾಡಿಸಿತು. ಹೂವು ಕಟ್ಟಡಗಳ ಒಳಕ್ಕೆ ಸರಿಯಿತು. ಒಳಗೆ ಬಾಡಿಗೆ ಕೊಡಬಲ್ಲವರು ಉಳಿದರು. ನಡೆಯುವವರಿಗೆ ದಾರಿ ಬೇಕು, ನಿಜ. ಆದರೆ ನಡುರಾತ್ರಿ ಆ ಬೀದಿಯಲ್ಲಿ ನಡೆಯುವವರೆಲ್ಲ ಹೂವಿಗೇ ಬಂದವರು. ಹಗಲಿನ ದಾರಿಯನ್ನು ಇರುಳಿನಲ್ಲಿ ಸಂತೆಗೆ ಬಿಟ್ಟರೆ ಯಾರ ಪಾಲೂ ಕಡಿಮೆಯಾಗದು. ಗಂಟೆ ಗೊತ್ತಿರುವ ರೈಲಿನ ಜೊತೆಗೇ ಬಾಳುವುದು ಸಾಧ್ಯವೆಂದು ಮೇಕ್ಲಾಂಗಿನ ತರಕಾರಿಯವಳು ತೋರಿಸಿದ್ದಾಳೆ. ಕಾಲುದಾರಿಯ ಜೊತೆ ಬಾಳುವುದು ಅದಕ್ಕಿಂತ ಕಷ್ಟವೇ?

ಮೂರು ಸಂತೆ ಸುತ್ತಿದ ಮೇಲೆ ನನಗೆ ಗಟ್ಟಿಯಾದ ಮಾತು ಇದು: ಸಂತೆಯ ಸಡಗರ ತಾನಾಗಿ ಹುಟ್ಟುವುದಿಲ್ಲ. ಅದರ ಬುಡದಲ್ಲಿ ಯಾರೋ ಕೊಟ್ಟ ನೆಲವಿದೆ, ಗೊತ್ತು ಮಾಡಿದ ವಾರವಿದೆ, ಹಂಚಿಕೊಂಡ ಹೊತ್ತಿದೆ. ಅರಮನೆಯನ್ನು ಒಬ್ಬ ರಾಜ ಕಟ್ಟಿಸಬಹುದು. ಸಂತೆಗೆ ಇಡೀ ಊರು ಒಪ್ಪಬೇಕು, ಒಪ್ಪಿಗೆಯನ್ನು ವಾರವಾರವೂ ಹೊಸದು ಮಾಡಬೇಕು. ಹಾಗೆ ಒಪ್ಪಿದ ಊರು ಬಂಡವಾಳವಿಲ್ಲದವನಿಗೂ ಒಂದು ಚಾಪೆಯಗಲ ಬದುಕು ಕೊಡುತ್ತದೆ. ಕೊಳ್ಳುವವನಿಗೆ ಅಗ್ಗದ ಬೆಲೆ ಸಿಗುತ್ತದೆ, ನನ್ನಂಥ ಪರದೇಶಿಗೆ ಆದರ ಸಿಗುತ್ತದೆ.

ನಮ್ಮ ದೇಶದಲ್ಲೂ ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ಕಾಯಲು 2014ರಲ್ಲೇ ಕಾಯ್ದೆ ಬಂದಿದೆ. ಪ್ರತಿ ಊರಿನಲ್ಲೂ ಸಮಿತಿ ಮಾಡಿ, ವ್ಯಾಪಾರಿಗಳನ್ನೂ ಅದರಲ್ಲಿ ಕೂರಿಸಿ, ಮಾರುವ ವಲಯಗಳನ್ನು ಗುರುತಿಸಬೇಕೆಂದು ಅದು ಹೇಳುತ್ತದೆ. 2017ರಿಂದ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೂ ಮೆಟ್ರೊ ನಿಲ್ದಾಣ ಇದೆ. ಕಾನೂನೂ ಇದೆ, ರೈಲೂ ಇದೆ, ನಸುಕಿನಲ್ಲಿ ಎದ್ದು ಹೂವು ಸೊಪ್ಪು ಹೊತ್ತು ತರುವ ಜನರಂತೂ ಇದ್ದೇ ಇದ್ದಾರೆ. ಹೊಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನ, ಆಟದ ಮೈದಾನ, ವಾಹನ ನಿಲ್ದಾಣಕ್ಕೆ ಗೆರೆ ಎಳೆಯುವಾಗಲೇ ಸಂತೆಗೂ ಗೆರೆ ಎಳೆಯಬೇಕು. ನೆರಳು, ನೀರು, ಶೌಚಾಲಯ, ಬೆಂಕಿ ನಂದಿಸುವ ಗಾಡಿ ಬರುವಷ್ಟು ದಾರಿ, ಇವಿಷ್ಟು ಕೊಟ್ಟರೆ ಸಾಕು. ಉಳಿದದ್ದನ್ನು ವ್ಯಾಪಾರಿಗಳೂ ಗಿರಾಕಿಗಳೂ ಸೇರಿ ಕಟ್ಟುತ್ತಾರೆ. ಎಲ್ಲ ಊರುಗಳಲ್ಲೂ ಹಾಗೇ ಕಟ್ಟಿದ್ದಾರೆ.